ಸಾಸಿವೆ ಚುಚ್ಚಿದ ಮೈ

‘ಕತೆಯಲ್ಲಿ ಬಂದಿರುವ ಅಲಂಕಾರಗಳನ್ನು ಗುರುತಿಸಿ’ ಎಂಬ ಪ್ರಶ್ನೆಗೆ ನಮ್ಮ ಕಲಬುರಗಿಯ ವಿದ್ಯಾರ್ಥಿಗಳ ಬಳಿ ಉತ್ತರ ಸಿದ್ಧವಿರುತ್ತದೆ. ‘ಅಂತೆ’ ಕಂಡರೆ ಉಪಮೆ, ಕಾಣದಿದ್ದರೆ ರೂಪಕ. ಅಂಕ ಸಿಗುತ್ತದೆ. ಆ ಮಾತು ಕತೆಯೊಳಗೆ ಏನು ಕೆಲಸ ಮಾಡಿತು ಎಂದು ಯಾರೂ ಕೇಳುವುದಿಲ್ಲ.

ಕನ್ನಡದಲ್ಲಿ ಈ ವಿದ್ಯೆಯ ಮೊದಲ ಗ್ರಂಥ ನಮ್ಮ ನೆರೆಯದೇ. ಕಾಗಿಣಾ ದಂಡೆಯ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಸುಮಾರು 850ರಲ್ಲಿ, ‘ಕವಿರಾಜಮಾರ್ಗ’ ರೂಪುಗೊಂಡಿತು. ಅದಕ್ಕೆ ದಂಡಿಯ ‘ಕಾವ್ಯಾದರ್ಶ’ ಆಧಾರ, ನಿಜ. ಆದರೆ ಸಂಸ್ಕೃತ-ಕನ್ನಡಗಳನ್ನು ಅರಿಯದೆ ಸಮಾಸ ಮಾಡಿದರೆ ಏನಾಗುತ್ತದೆಂದು ಹೇಳಬೇಕಾದಾಗ ಅದು ಅಡುಗೆಮನೆಗೆ ಹೋಗುತ್ತದೆ: ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದ ಹಾಗೆ! ಹಾಲು ಒಡೆದದ್ದನ್ನು ಕಂಡವರಿಗೆ ಬೇರೆ ವಿವರಣೆ ಬೇಡ. ಕಮಲಾಪುರದ ಕತೆಗಾರ ಸಂಜೆಯ ಬಾನನ್ನು ತನ್ನೂರಿನ ಕೆಂಪು ಬಾಳೆಗೆ ಹೋಲಿಸಿದರೂ ಹಾಗೆಯೇ. ಬಣ್ಣದ ಜೊತೆ ಗೊನೆ ಕಡಿಯುವ ಕಾತರವೂ ಬರುತ್ತದೆ.

ಕತೆಯಲ್ಲಿ ಇದರ ಬಲ ನೋಡಲು ‘ವಡ್ಡಾರಾಧನೆ’ಯ ಸುಕುಮಾರಸ್ವಾಮಿಯ ಕತೆಯನ್ನು ಓದಬೇಕು. ಅದೂ ರಾಷ್ಟ್ರಕೂಟರ ಕಾಲದ್ದೆಂಬುದು ಬಹುಮಾನ್ಯ ಅಭಿಪ್ರಾಯ. ಹತ್ತೊಂಬತ್ತು ಕತೆಗಳಲ್ಲಿ ನನಗೆ ಇದೇ ಮೇಲು. ಉಜ್ಜಯಿನಿಯ ಸೆಟ್ಟಿಯ ಮಗ ಸುಕುಮಾರ ರತ್ನದ ಬೆಳಕಲ್ಲೇ ಬೆಳೆದವನು. ದೀಪ ನೋಡಿದರೆ ಕಣ್ಣೀರು. ಅರಸನೊಡನೆ ಕೂತಾಗ ಸೇಸೆಯ ಸಾಸಿವೆ ಕಾಳು ಒತ್ತಿ ಮೈ ಹೊರಳಾಡುತ್ತಾನೆ. ಅರಸನಿಗೆ ಇದು ರೋಗವೆನಿಸುತ್ತದೆ, ನಮಗೆ ನಗು ಬರುತ್ತದೆ. ಪರೀಕ್ಷೆಯಲ್ಲಿ ಇದನ್ನು ಅತಿಶಯೋಕ್ತಿ ಎಂದು ಬರೆದು ಮುಗಿಸುತ್ತಾರೆ. ಮುಂದೆ ಇದೇ ಸುಕುಮಾರ ಮನೆ ಬಿಟ್ಟು ತಪಸ್ಸಿಗೆ ನಿಲ್ಲುತ್ತಾನೆ. ಹೆಣ್ಣುನರಿಯೊಂದು ಮರಿಗಳೊಡನೆ ಬಂದು ಆ ಮೈಯನ್ನೇ ತಿನ್ನುತ್ತದೆ. ಅವನು ಅಲುಗುವುದಿಲ್ಲ. ಆ ಸಾಸಿವೆ ಇರದಿದ್ದರೆ ಈ ನರಿ ನಮ್ಮನ್ನು ಇಷ್ಟು ನೋಯಿಸುತ್ತಿರಲಿಲ್ಲ. ಕತೆಗಾರ ಎಲ್ಲೂ ಎರಡನ್ನೂ ಹೋಲಿಸಿ ತೋರಿಸುವುದಿಲ್ಲ. ಆ ಕೆಲಸ ಓದುಗನಿಗೆ ಬಿಟ್ಟಿದ್ದು.

ಕಾದಂಬರಿಯಾದರೂ ಗೀತಾ ನಾಗಭೂಷಣರ ‘ಹಸಿಮಾಂಸ ಮತ್ತು ಹದ್ದುಗಳು’ ನೆನಪಾಗುತ್ತದೆ. 2004ರಲ್ಲಿ ‘ಬದುಕು’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ, ಕಲಬುರಗಿಯ ಮಾತಿನಲ್ಲೇ ಬರೆದ ಲೇಖಕಿ ಅವರು. ಆ ಹೆಸರಿನಲ್ಲಿ ‘ಅಂತೆ’ ಇಲ್ಲ. ಹೆಣ್ಣು ಎಂಬ ಪದವೂ ಇಲ್ಲ.