ನಳ, ಕ್ಯಾನ್, ಬಾಟಲಿ: ರಾಯಚೂರು, ದೇವದುರ್ಗ ಮತ್ತು ಮಾನ್ವಿಯಲ್ಲಿ ಕುಡಿಯುವ ನೀರಿನ ಪರಿಸರ ವೆಚ್ಚ

1. ಪ್ರವೇಶ

ಬಾಟಲಿ ನೀರನ್ನೂ ನಳದ ನೀರನ್ನೂ ಪರಿಸರದ ತಕ್ಕಡಿಯಲ್ಲಿಟ್ಟು ತೂಗಿದ ಪ್ರಮುಖ ಅಧ್ಯಯನಗಳು ಹೆಚ್ಚಾಗಿ ಅಮೆರಿಕ, ಯುರೋಪಿನ ನಗರಗಳವು. ಪೀಟರ್ ಗ್ಲೈಕ್ ಮತ್ತು ಹೀದರ್ ಕೂಲಿ 2009ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಒಂದು ಲೀಟರ್ ಬಾಟಲಿ ನೀರು ಗ್ರಾಹಕರ ಕೈ ಸೇರುವಷ್ಟರಲ್ಲಿ 5.6ರಿಂದ 10.2 ಮೆಗಾಜೂಲ್ ಶಕ್ತಿ ಖರ್ಚಾಗುತ್ತದೆ. ನಳದ ನೀರಿಗೆ ತಗಲುವುದು ಸುಮಾರು 0.005 ಮೆಗಾಜೂಲ್. ಅಂತರ ಎರಡು ಸಾವಿರ ಪಟ್ಟಿನವರೆಗೂ ಹೋಗುತ್ತದೆ. ಬಾರ್ಸಿಲೋನಾ ನಗರವನ್ನು ಕುರಿತ 2021ರ ಅಧ್ಯಯನವೂ ಇದನ್ನೇ ಹೇಳಿತು: ಊರಿನವರೆಲ್ಲ ಬಾಟಲಿ ನೀರಿಗೆ ತಿರುಗಿದರೆ, ಎಲ್ಲರೂ ನಳದ ನೀರು ಕುಡಿಯುವ ಸ್ಥಿತಿಗೆ ಹೋಲಿಸಿದಾಗ ಜೀವಪರಿಸರದ ಮೇಲಿನ ಹೊರೆ 1,400 ಪಟ್ಟು, ನೈಸರ್ಗಿಕ ಸಂಪನ್ಮೂಲಗಳ ಮೇಲಿನ ಹೊರೆ 3,500 ಪಟ್ಟು.

ಈ ಅಧ್ಯಯನಗಳೆಲ್ಲ ಒಂದು ಮಾತನ್ನು ಹೇಳದೆಯೇ ಒಪ್ಪಿಕೊಂಡಿವೆ. ನಳದಲ್ಲಿ ಬರುವ ನೀರು ಕುಡಿಯಲು ಯೋಗ್ಯ ಎಂಬುದೇ ಆ ಮಾತು. ಬಾರ್ಸಿಲೋನಾದ ಜನ ನಳವನ್ನು ಬಿಟ್ಟಿದ್ದರೆ ಅದಕ್ಕೆ ಮುಖ್ಯ ಕಾರಣ ರುಚಿ ಮತ್ತು ವಾಸನೆ. ರಾಯಚೂರಿನಲ್ಲಿ ಕಾರಣ ಬೇರೆ. ಇಲ್ಲಿ ಬಾಟಲಿಯ ಪರಿಸರ ಹೊರೆಯನ್ನು ಕೊಳ್ಳುವವರ ಚಟದ ಲೆಕ್ಕಕ್ಕೆ ಬರೆಯಲಾಗದು. ಅದರ ದೊಡ್ಡ ಪಾಲು ಸಾರ್ವಜನಿಕ ನೀರು ಪೂರೈಕೆಯ ನಿರ್ವಹಣಾ ವೈಫಲ್ಯದ ಖಾತೆಗೆ ಸೇರುತ್ತದೆ. ಇದು ಈ ಲೇಖನದ ವಾದ.

2. ಎರಡು ನದಿಗಳ ನಡುವಿನ ನೆಲ

ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ. ಇವುಗಳ ನಡುವಿನ ಎಡೆದೊರೆ ನಾಡಿನಲ್ಲಿ ಕುಡಿಯುವ ನೀರಿಗೆ ಪರದಾಟವೆಂದರೆ ಮೇಲ್ನೋಟಕ್ಕೆ ವಿಚಿತ್ರವೆನಿಸುತ್ತದೆ. ರಾಯಚೂರು ನಗರಕ್ಕೆ ಕೃಷ್ಣಾ ನದಿಯ ನೀರೂ ಬರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯಿಂದ ರಾಂಪುರ ಕೆರೆಯಲ್ಲಿ ತುಂಬಿಸಿಕೊಂಡ ನೀರೂ ಬರುತ್ತದೆ. ಮಾನ್ವಿ ಎಡದಂಡೆ ಕಾಲುವೆಯ ಅಚ್ಚುಕಟ್ಟಿನ ತಾಲ್ಲೂಕು. ದೇವದುರ್ಗ ಕೃಷ್ಣೆಯ ದಂಡೆಯದು. ನಾರಾಯಣಪುರ ಬಲದಂಡೆ ಕಾಲುವೆಯೂ ಅಲ್ಲಿ ಹಾಯುತ್ತದೆ.

ಕಾಲುವೆಯ ನೀರು ವರ್ಷವಿಡೀ ಹರಿಯುವುದಿಲ್ಲ. ಬೇಸಿಗೆಗೆ ಮುನ್ನ ಕೆರೆ ತುಂಬಿಸಿಕೊಳ್ಳದ ಊರುಗಳು ಬೋರ್‌ವೆಲ್‌ಗೆ ಮರಳುತ್ತವೆ. ಅಲ್ಲಿಂದ ಸಿಗುವುದು ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬಿರುಕಿನಲ್ಲಿ ನಿಂತ ನೀರು. ಶಿಲೆಯ ಖನಿಜಗಳಿಂದ ಫ್ಲೋರೈಡ್ ಅದರೊಳಗೆ ಕರಗುತ್ತದೆ. ಹಟ್ಟಿ–ಮಸ್ಕಿ ಶಿಲಾಪಟ್ಟಿಯ ಆಸುಪಾಸಿನಲ್ಲಿ ಚಿನ್ನದ ಅದಿರಿನ ಜೊತೆಗಾರನಾದ ಆರ್ಸೆನಿಕ್ ಸೇರುತ್ತದೆ. ಭತ್ತ ಬೆಳೆಯುವ ಕಪ್ಪುನೆಲದಲ್ಲಿ ಸವಳಿನ ಜೊತೆಗೆ ಗೊಬ್ಬರದ ನೈಟ್ರೇಟ್ ಕೂಡುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಒಪ್ಪಿತ. ಬೇರೆ ಮೂಲವಿಲ್ಲದಾಗ 1.5ರವರೆಗೆ ಸಹ್ಯ. ನೈಟ್ರೇಟ್ ಮಿತಿ 45 ಮಿಲಿಗ್ರಾಂ, ಆರ್ಸೆನಿಕ್ ಮಿತಿ 0.01 ಮಿಲಿಗ್ರಾಂ.

3. ದೋಷ ಎರಡು ಬಗೆ

2022ರ ಮೇ ಕೊನೆಯಲ್ಲಿ ರಾಯಚೂರು ನಗರದ ಇಂದಿರಾನಗರ ಮತ್ತು ಸುತ್ತಲಿನ ಬಡಾವಣೆಗಳಲ್ಲಿ ನಳದ ನೀರು ಕುಡಿದವರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು, ಹಲವರು ತೀರಿಕೊಂಡರು. ರಾಂಪುರದ ಶುದ್ಧೀಕರಣ ಘಟಕದ ನಿರ್ವಹಣೆಯ ಮೇಲೆ ಪ್ರಶ್ನೆಗಳೆದ್ದವು, ಸರ್ಕಾರ ತನಿಖೆಗೆ ಆದೇಶಿಸಿತು. ಮರುವರ್ಷದ ಮೇ ತಿಂಗಳಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಕಲುಷಿತ ನೀರಿಗೆ ಮಗುವೊಂದು ಬಲಿಯಾಯಿತು; ಅನೇಕರು ಅಸ್ವಸ್ಥರಾದರು.

ಇಂಥ ಕಡೆ ದೋಷ ರೋಗಾಣುಗಳದು. ಮರಳಿನ ಸೋಸುಹಾಸುಗಳನ್ನು ಕಾಲಕಾಲಕ್ಕೆ ತೊಳೆಯುವುದು, ಆಲಂ ಮತ್ತು ಕ್ಲೋರಿನ್ ಅಳತೆಯಂತೆ ಹಾಕುವುದು, ಕೊನೆಯ ನಳದಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರುವಂತೆ ನೋಡಿಕೊಳ್ಳುವುದು ಇದರ ಮದ್ದು. ಸರದಿಯ ಮೇಲೆ ನೀರು ಬಿಡುವ ಊರುಗಳಲ್ಲಿ ಇನ್ನೊಂದು ಅಪಾಯವಿದೆ. ಪೂರೈಕೆ ನಿಂತಾಗ ಪೈಪಿನೊಳಗೆ ಒತ್ತಡವಿರುವುದಿಲ್ಲ. ಚರಂಡಿಯ ಪಕ್ಕ ಸೋರುವ ಜೋಡಣೆಯಿದ್ದರೆ ಪೈಪು ಹೊಲಸನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಘಟಕದಿಂದ ಶುದ್ಧವಾಗಿ ಹೊರಟ ನೀರೂ ಮನೆ ತಲುಪುವಷ್ಟರಲ್ಲಿ ಕೆಡುತ್ತದೆ.

ಬೋರಿನ ನೀರಿನ ಫ್ಲೋರೈಡ್, ಆರ್ಸೆನಿಕ್, ನೈಟ್ರೇಟ್‌ಗಳದು ಬೇರೆಯೇ ಕತೆ. ಕಾಯಿಸಿದರೂ ಕ್ಲೋರಿನ್ ಹಾಕಿದರೂ ಅವು ಹೋಗುವುದಿಲ್ಲ. ಅಲ್ಲಿ ಮೂಲವನ್ನೇ ಬದಲಿಸಬೇಕು, ಇಲ್ಲವೇ ರಿವರ್ಸ್ ಆಸ್ಮೋಸಿಸ್ (ಆರ್‌ಒ) ಪೊರೆಯಂಥ ವಿಧಾನ ಬಳಸಬೇಕು. ಈ ಎರಡು ಬಗೆಯ ದೋಷಗಳನ್ನು ಬೇರ್ಪಡಿಸದೆ ಎಲ್ಲದಕ್ಕೂ ಆರ್‌ಒ ಒಂದನ್ನೇ ಮುಂದಿಟ್ಟದ್ದು ನಮ್ಮ ನೀರಿನ ನೀತಿಯ ದೊಡ್ಡ ಲೋಪ. ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆಯಿರುವಲ್ಲಿ ಆರ್‌ಒ ಬಳಕೆಯನ್ನು ತಡೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು.

4. ಮೂರು ದಾರಿಗಳ ಹೊರೆ

ಜನ ನೀರು ಪಡೆಯುವ ದಾರಿ ಇಲ್ಲಿ ಮೂರು: ನಳ, ಫಿಲ್ಟರ್ ನೀರಿನ 20 ಲೀಟರ್ ಕ್ಯಾನ್, ಸೀಲು ಹಾಕಿದ ಬಾಟಲಿ. ಐದು ಜನರ ಮನೆಯಲ್ಲಿ ತಲೆಗೆ ದಿನಕ್ಕೆ 3 ಲೀಟರ್ ಎಂದು ಹಿಡಿದರೆ ವರ್ಷಕ್ಕೆ 5,475 ಲೀಟರ್ ಆಯಿತು.

ಅಷ್ಟನ್ನೂ ಒಂದು ಲೀಟರ್ ಬಾಟಲಿಗಳಲ್ಲಿ ಕೊಂಡರೆ, ಬಾಟಲಿಗೆ 20 ಗ್ರಾಂ ತೂಕ ಹಿಡಿದು, ವರ್ಷಕ್ಕೆ ಸುಮಾರು 110 ಕೆ.ಜಿ. ಪ್ಲಾಸ್ಟಿಕ್ ಆಗುತ್ತದೆ. ಲೀಟರಿಗೆ ₹20 ಎಂದು ಹಿಡಿದರೆ ಖರ್ಚು ₹1,09,500. ಯಾವ ಮನೆಯೂ ಪೂರ್ತಿ ಹೀಗೆ ಕುಡಿಯುವುದಿಲ್ಲ, ನಿಜ. ಆದರೆ ಬಸ್ ನಿಲ್ದಾಣ, ಆಸ್ಪತ್ರೆ, ಮದುವೆ, ಸಭೆಗಳಲ್ಲಿ ನಡೆಯುವುದು ಬಾಟಲಿಯ ವ್ಯವಹಾರವೇ. ಮದುವೆಯ ಊಟದ ಎಲೆಯ ಪಕ್ಕದ ಪುಟ್ಟ ಬಾಟಲಿಯಲ್ಲಂತೂ ಲೀಟರಿಗೆ ತಗಲುವ ಪ್ಲಾಸ್ಟಿಕ್ ಇನ್ನೂ ಹೆಚ್ಚು. ಬಾಟಲಿ ನೀರಿನ ಶಕ್ತಿವೆಚ್ಚದಲ್ಲಿ ಬಹುಪಾಲು ಬಾಟಲಿಯ ತಯಾರಿಕೆಗೂ ಸಾಗಣೆಗೂ ಹೋಗುತ್ತದೆ. ನೀರನ್ನು ಶುದ್ಧಗೊಳಿಸುವ ಪಾಲು ಅತ್ಯಲ್ಪ.

ಅದೇ ನೀರನ್ನು ಕ್ಯಾನಿನಲ್ಲಿ ತಂದರೆ ವರ್ಷಕ್ಕೆ ಸುಮಾರು 274 ಬಾರಿ ತುಂಬಿಸಿದರೆ ಸಾಕು. ಸರ್ಕಾರಿ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಕ್ಯಾನಿಗೆ ₹5 ಎಂದರೆ ಖರ್ಚು ₹1,370. ಕ್ಯಾನು ಮತ್ತೆ ಮತ್ತೆ ಬಳಕೆಗೆ ಬರುವುದರಿಂದ ಪ್ಲಾಸ್ಟಿಕ್ ಹೊರೆ ಬಹಳ ಇಳಿಯುತ್ತದೆ. ಆದರೆ ಕ್ಯಾನಿನ ನಿಜವಾದ ವೆಚ್ಚ ಅದನ್ನು ತುಂಬಿಸುವ ಆರ್‌ಒ ಘಟಕದ ಹಿಂಬದಿಯಲ್ಲಿದೆ. ಒಳಗೆ ಹೋದ ನೀರಿನಲ್ಲಿ ಅರ್ಧ ಮಾತ್ರ ಶುದ್ಧವಾಗಿ ಬಂದರೆ, ಉಳಿದರ್ಧ ಇಮ್ಮಡಿ ಸಾಂದ್ರತೆಯ ಲವಣ ಹೊತ್ತು ಚರಂಡಿಗೆ ಇಳಿಯುತ್ತದೆ. 2 ಮಿಲಿಗ್ರಾಂ ಫ್ಲೋರೈಡ್ ಇದ್ದ ನೀರು ಹೆಚ್ಚುಕಡಿಮೆ 4 ಮಿಲಿಗ್ರಾಂ ಆಗಿ ಅದೇ ಊರಿನ ನೆಲಕ್ಕೆ ಇಂಗುತ್ತದೆ. ಅಂತರ್ಜಲ ಕುಸಿಯುತ್ತಿರುವ ಊರಿನಲ್ಲಿ ಇದು ಎರಡು ಕಡೆಯ ನಷ್ಟ. ಆರ್‌ಒ ನೀರಿನಲ್ಲಿ ಉಳಿಕೆ ಕ್ಲೋರಿನ್ ಇರುವುದಿಲ್ಲವಾದ್ದರಿಂದ, ಸರಿಯಾಗಿ ತೊಳೆಯದ ಕ್ಯಾನಿನಲ್ಲಿ ರೋಗಾಣು ಮತ್ತೆ ಬೆಳೆಯುವ ಸಾಧ್ಯತೆಯೂ ಉಂಟು.

ನಳದ ಹೊರೆ ಈ ಎರಡಕ್ಕಿಂತಲೂ ಕಡಿಮೆ. ಆದರೂ ಅದು ಸೊನ್ನೆಯಲ್ಲ. ನದಿಯಿಂದ ನೀರೆತ್ತುವ ಪಂಪಿಗೆ ವಿದ್ಯುತ್ ಬೇಕು. 1,720 ಮೆಗಾವಾಟ್ ಸಾಮರ್ಥ್ಯದ ಶಕ್ತಿನಗರದ ಸ್ಥಾವರ ಕಲ್ಲಿದ್ದಲು ಉರಿಸುವುದನ್ನು ಕಂಡವರಿಗೆ ಆ ವಿದ್ಯುತ್ತಿನ ಬೆಲೆ ತಿಳಿದೇ ಇದೆ. ಪೈಪಿನಲ್ಲಿ ಸೋರಿಹೋಗುವ ಪ್ರತಿ ಲೀಟರೂ ಆ ಬೆಲೆಯನ್ನು ಏರಿಸುತ್ತದೆ.

5. ಬಾಟಲಿ ಸುರಕ್ಷಿತವೆಂಬ ನಂಬಿಕೆ

ಬಾಟಲಿಗೆ ಹಣ ತೆರುವವರು ಕೊಳ್ಳುವುದು ನಂಬಿಕೆಯನ್ನು. ವಿಜ್ಞಾನ ಮತ್ತು ಸರ್ಕಾರಿ ನಿಯಂತ್ರಣ ಎರಡೂ ಅದನ್ನು ಪೂರ್ತಿ ಸಮರ್ಥಿಸುವುದಿಲ್ಲ. ಹಲವು ಬ್ರಾಂಡುಗಳ ಬಾಟಲಿ ನೀರಿನಲ್ಲಿ ಕೀಟನಾಶಕದ ಅಂಶವಿರುವುದನ್ನು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2003ರಲ್ಲಿ ತೋರಿಸಿತು. ಅಮೆರಿಕದ ಮೂರು ಬ್ರಾಂಡುಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟವಾದ ಅಧ್ಯಯನ ಲೀಟರಿಗೆ ಸರಾಸರಿ 2.4 ಲಕ್ಷ ಪ್ಲಾಸ್ಟಿಕ್ ಕಣಗಳನ್ನು ಗುರುತಿಸಿತು. ಅವುಗಳಲ್ಲಿ ಬಹುಪಾಲು ನ್ಯಾನೊ ಗಾತ್ರದವು. ಅದೇ ವರ್ಷ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಪೊಟ್ಟಣದ ಕುಡಿಯುವ ನೀರನ್ನು ಹೆಚ್ಚು ಅಪಾಯದ ಆಹಾರಗಳ ವರ್ಗಕ್ಕೆ ಸೇರಿಸಿತು. ರಾಯಚೂರಿನ ಬಿರುಬಿಸಿಲಿನಲ್ಲಿ ಅಂಗಡಿಯ ಹೊರಗೆ ಪೇರಿಸಿಟ್ಟ ಬಾಟಲಿಗಳಿಗೆ ಈ ಅಪಾಯದ ಮಾತು ಇನ್ನಷ್ಟು ಅನ್ವಯ; ಬಿಸಿ ಹೆಚ್ಚಿದಂತೆ ಪ್ಲಾಸ್ಟಿಕ್‌ನಿಂದ ಆಂಟಿಮನಿ ನೀರಿಗೆ ಇಳಿಯುವುದು ಹೆಚ್ಚುತ್ತದೆ.

ಬಳಸಿದ ಬಾಟಲಿಗೆ ಗುಜರಿಯಲ್ಲಿ ಬೆಲೆಯಿದೆ. ಚಿಂದಿ ಆಯುವವರು ಅದನ್ನು ಒಯ್ಯುತ್ತಾರೆ. ತೆಳುವಾದ ನೀರಿನ ಪಾಕೀಟಿಗೆ ಆ ಭಾಗ್ಯವಿಲ್ಲ. ಅದರಿಂದ ಚರಂಡಿ ಕಟ್ಟಿಕೊಳ್ಳುತ್ತದೆ, ಇಲ್ಲವೇ ಅದು ಬೀದಿಯಲ್ಲೇ ಉರಿದುಹೋಗುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 60,000 ಕೋಟಿ ನೀರಿನ ಬಾಟಲಿಗಳಿಂದ 2.5 ಕೋಟಿ ಟನ್ ಪ್ಲಾಸ್ಟಿಕ್ ಕಸ ಹುಟ್ಟುತ್ತದೆಂದು ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ 2023ರ ವರದಿ ಅಂದಾಜಿಸಿತು. ಬಾಟಲಿ ಉದ್ಯಮ ಬೆಳೆದಷ್ಟೂ ಸಾರ್ವಜನಿಕ ಪೂರೈಕೆಯ ಕಡೆಗಿನ ಗಮನ ಕುಗ್ಗುತ್ತದೆಂಬ ಆ ವರದಿಯ ಎಚ್ಚರಿಕೆ ನಮಗೆ ಹೆಚ್ಚು ಮುಖ್ಯ. ಕೊಳ್ಳಬಲ್ಲವರು ನಳವನ್ನು ಬಿಟ್ಟಾಗ ನಳದ ಪರವಾಗಿ ದನಿಯೆತ್ತುವವರು ಕಡಿಮೆಯಾಗುತ್ತಾರೆ. ಪ್ರಾದೇಶಿಕ ಅಸಮಾನತೆ ಕುರಿತ 2002ರ ನಂಜುಂಡಪ್ಪ ವರದಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ ತಾಲ್ಲೂಕುಗಳಲ್ಲಿ ದೇವದುರ್ಗ, ಮಾನ್ವಿ ಎರಡೂ ಇವೆ. ಅಲ್ಲಿ ಉಳಿದವರಿಗೆ ಕುಡಿಯಲು ನಳವೋ ಬೋರೋ ಮಾತ್ರ.

6. ಉಪಸಂಹಾರ

ಈ ವಿವೇಚನೆಯಿಂದ ಮೂರು ತೀರ್ಮಾನಗಳಿಗೆ ಬರಬಹುದು. ಒಂದು, ನದಿ ನೀರು ಬರುವ ರಾಯಚೂರು ನಗರದಂಥ ಕಡೆ ಪರಿಸರಕ್ಕೂ ಆರೋಗ್ಯಕ್ಕೂ ಹಿತವಾದ ದಾರಿ ನಳವೇ. ಅಲ್ಲಿ ಬೇಕಾದದ್ದು ಸೋಸುಹಾಸು, ಕ್ಲೋರಿನ್ ಮತ್ತು ಪೈಪುಗಳ ನಿತ್ಯ ನಿಗಾ. ಎರಡು, ಬೋರ್ ನೀರಿನ ಹಳ್ಳಿಗಳಲ್ಲಿ ಸಮುದಾಯ ಘಟಕ ಮಧ್ಯಂತರ ಪರಿಹಾರ ಮಾತ್ರ. ನದಿ ನೀರಿನ ಬಹುಗ್ರಾಮ ಯೋಜನೆ ಕೈಗೂಡುವವರೆಗೆ ಘಟಕದ ತ್ಯಾಜ್ಯ ನೀರನ್ನು ಮರಳಿ ನೆಲಕ್ಕೆ ಬಿಡದೆ ಪಾಯಖಾನೆಯಂಥ ಬಳಕೆಗೆ ತಿರುಗಿಸಬೇಕು. ಮೂರು, ಒಂದೇ ಬಾರಿ ಬಳಸುವ ಬಾಟಲಿಗೆ ವಿಪತ್ತು ಮತ್ತು ಪ್ರಯಾಣದ ಹೊತ್ತಿನಲ್ಲಷ್ಟೇ ಸಮರ್ಥನೆಯುಂಟು.

ಸಂವಿಧಾನದ 371(ಜೆ) ವಿಧಿಯ ಬಲದಿಂದ ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಗೆ ಅನುದಾನ ಬರುತ್ತಿದೆ. ಹೊಸ ಟ್ಯಾಂಕು, ಹೊಸ ಘಟಕಗಳ ಶಂಕುಸ್ಥಾಪನೆಯ ಜೊತೆಗೆ ಇರುವ ಘಟಕಗಳ ನಿರ್ವಹಣೆಗೂ ಅದರಲ್ಲಿ ಕಾಯಂ ಪಾಲು ಮೀಸಲಿಡಬೇಕು. ಪ್ರತಿ ವಾರ್ಡು, ಪ್ರತಿ ಗ್ರಾಮದ ಕೊನೆಯ ನಳದ ನೀರಿನ ಪರೀಕ್ಷಾ ಫಲಿತಾಂಶವನ್ನು ತಿಂಗಳಿಗೊಮ್ಮೆ ಪಂಚಾಯಿತಿ ಮತ್ತು ಪಾಲಿಕೆಯ ಕಚೇರಿಯೆದುರು ಕನ್ನಡದಲ್ಲಿ ಬರೆದು ಹಾಕಬೇಕು. ನಳದ ಮೇಲಿನ ನಂಬಿಕೆ ಮರಳದ ಹೊರತು ಬಾಟಲಿ ಬಿಡಿರೆಂದು ಜನರಿಗೆ ಹೇಳುವ ನೈತಿಕ ಹಕ್ಕು ಆಡಳಿತಕ್ಕಿಲ್ಲ.