ಕಾಳಿಯ ಕಲ್ಲು

ಗೆದ್ದ ವೀರನು ಒಡೆಯನಲ್ಲಿ ಬೇಡುವುದೇನು? ಊರನ್ನು, ಹೊನ್ನನ್ನು, ಪದವಿಯನ್ನು. ಮಣಲೆರನು ಬೇಡಿದ್ದು ಒಂದು ಬೇಟೆನಾಯಿಯನ್ನು.

ಕ್ರಿ.ಶ. 949ರ ಸುಮಾರಿಗೆ ತಕ್ಕೋಲದ ಕಾಳಗದಲ್ಲಿ ಗಂಗರ ಬೂತುಗನು ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಕಾದಿದನು; ಚೋಳ ರಾಜಾದಿತ್ಯನು ಮಡಿದನು. ಬೂತುಗನ ಆಳಾದ ಮಣಲೆರನು ಎದುರು ನಿಂತು ಇರಿದುದಕ್ಕೆ ಮೆಚ್ಚಿದ ಒಡೆಯನು, ಬೇಕಾದುದನ್ನು ಬೇಡೆಂದನು. ಆಗ ಅವನು ಕೇಳಿದ್ದು ‘ಕಾಳಿ’ಯನ್ನು. ದಂಡಿನಲ್ಲಿ ಕೂಡಿದ್ದ ಇಬ್ಬರಿಗೂ ಆ ನಾಯಿಯ ಬೆಲೆ ಗೊತ್ತಿತ್ತು.

ಮುಂದೆ ಕೆಳಲೆನಾಡಿನ ಬೆಳತೂರ ಬೆಟ್ಟದ ಬಳಿ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಒಟ್ಟಿಗೇ ಸತ್ತವು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ, ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಅದನ್ನು ಪೂಜಿಸದೆ ಗೊರವನು ಉಣ್ಣಬಾರದೆಂದು ಕಟ್ಟಳೆಯಿಟ್ಟರು.

ತಕ್ಕೋಲದಲ್ಲಿ ಬಿದ್ದ ಕಾಲಾಳುಗಳ ಹೆಸರು ಆ ಕಲ್ಲಿನಲ್ಲಿಲ್ಲ. ಕಾಳಿಯ ಹೆಸರಿದೆ.