ವಿಶ್ವನಾಥ್, ಸದಾನಂದ

ಕರ್ನಾಟಕ ಮತ್ತು ಭಾರತ ತಂಡಗಳ ವಿಕೆಟ್ ಕೀಪರ್. ಜನನ ಬೆಂಗಳೂರು, 29 ನವೆಂಬರ್ 1962. ಬರಿಯ ‘ವಿಶ್ವನಾಥ್’ ಎಂದಷ್ಟೇ ಇರುವ ಕಡೆ ಇವರನ್ನು ಕರ್ನಾಟಕದವರೇ ಆದ ಬ್ಯಾಟ್ಸ್‌ಮನ್ ಜಿ.ಆರ್. ವಿಶ್ವನಾಥ್ ಅವರೊಂದಿಗೆ ಬೆರೆಸುವುದುಂಟು. ಜಿ.ಆರ್. ಅವರ ಕೊನೆಯ ಟೆಸ್ಟ್ 1983ರದ್ದು. ಸದಾನಂದ ಭಾರತದ ಪರ ಆಡತೊಡಗಿದ್ದು 1985ರಲ್ಲಿ.

ಮನೆಯಂಗಳವಾದ ಕರ್ನಾಟಕ ತಂಡದಲ್ಲೇ ಭಾರತದ ಕೀಪರ್ ಸೈಯದ್ ಕಿರ್ಮಾನಿ ಇದ್ದುದರಿಂದ ಸ್ಟಂಪಿನ ಹಿಂದೆ ಜಾಗ ಸಿಗುವುದು ಸುಲಭವಿರಲಿಲ್ಲ. ಆ ಜಾಗ ಸಿಕ್ಕಿದ್ದೇ ತಡ, ಫೆಬ್ರುವರಿ–ಮಾರ್ಚ್ 1985ರಲ್ಲಿ ಆಸ್ಟ್ರೇಲಿಯದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹೆಸರು ಮಾಡಿದರು. ಸಿಡ್ನಿಯಲ್ಲಿ ಇಂಗ್ಲೆಂಡ್ 149ಕ್ಕೆ ಉರುಳಿದಾಗ ಮೂರು ಕ್ಯಾಚ್, ಎರಡು ಸ್ಟಂಪಿಂಗ್ ಇವರದೇ. ಮಾರ್ಚ್ 10ರ ಮೆಲ್ಬರ್ನ್ ಫೈನಲ್‌ನಲ್ಲಿ 48 ರನ್ ಗಳಿಸಿ ಬೇರೂರಿದ್ದ ಪಾಕಿಸ್ತಾನದ ಜಾವೇದ್ ಮಿಯಾಂದಾದ್, ಲಕ್ಷ್ಮಣ್ ಶಿವರಾಮಕೃಷ್ಣನ್ ಅವರ ಲೆಗ್‌ಬ್ರೇಕ್‌ಗೆ ಕ್ರೀಸ್ ಬಿಟ್ಟು ಮುಂದೆ ಬಂದರು. ಚೆಂಡು ತಪ್ಪಿತು, ಬೇಲ್ಸ್ ಹಾರಿದವು. ಪಾಕಿಸ್ತಾನ 176ಕ್ಕೆ ನಿಂತಿತು, ಭಾರತ ಎಂಟು ವಿಕೆಟ್‌ಗಳಿಂದ ಗೆದ್ದಿತು. ನಾಯಕ ಗಾವಸ್ಕರ್ ಆ ಗೆಲುವಿನ ಮುಖ್ಯ ಕಾರಣಗಳಲ್ಲಿ ಈ ಕೀಪರ್‌ನನ್ನೂ ಎಣಿಸಿದ್ದಾರೆ.

ಅದೇ ವರ್ಷದ ಶ್ರೀಲಂಕಾ ಪ್ರವಾಸದಲ್ಲಿ ಮೂರು ಟೆಸ್ಟ್ ಆಡಿದರು. ಭಾರತ ಸರಣಿಯನ್ನು 0–1ರಿಂದ ಸೋತಿತು. ಶ್ರೀಲಂಕಾಕ್ಕೆ ಅದು ಮೊದಲ ಟೆಸ್ಟ್ ಗೆಲುವು. ಸದಾನಂದ ಮತ್ತೆ ಟೆಸ್ಟ್ ಆಡಲಿಲ್ಲ. ಮುಂದಿನ ಆಸ್ಟ್ರೇಲಿಯ ಪ್ರವಾಸಕ್ಕೆ ಕಿರ್ಮಾನಿ ಮರಳಿದರು, 1986ರಲ್ಲಿ ಕೀಪರ್ ಆಗಿ ಕಿರಣ್ ಮೋರೆ ಬಂದರು. ಕೊನೆಯ ಏಕದಿನ ಪಂದ್ಯ 1988ರಲ್ಲಿ.

ಈ ಕುಸಿತವನ್ನು ‘ಕೈಯಾರೆ ಕೆಡಿಸಿಕೊಂಡ ಪ್ರತಿಭೆ’ ಎಂದು ಮುಗಿಸಿಬಿಡುವ ಬರಹಗಳೇ ಹೆಚ್ಚು. ಅವು ಎರಡು ಸಂಗತಿಗಳನ್ನು ಬದಿಗೆ ಸರಿಸುತ್ತವೆ. ಇಪ್ಪತ್ತರ ಹರೆಯದಲ್ಲೇ ಅವರು ತಂದೆತಾಯಿ ಇಬ್ಬರನ್ನೂ ಕಳೆದುಕೊಂಡಿದ್ದರು. ಇನ್ನು ಲೆಕ್ಕ ನೋಡಿದರೆ, ಮೂರು ಟೆಸ್ಟ್‌ಗಳಲ್ಲಿ 11 ಕ್ಯಾಚ್, ಆದರೆ ಒಟ್ಟು ರನ್ 31. ಕೈಕೊಟ್ಟದ್ದು ಬ್ಯಾಟು, ಗ್ಲೌಸಲ್ಲ. ಮಾತು, ಅಬ್ಬರದ ಅಪೀಲು, ಬಿರುಸಿನ ಸ್ವಭಾವ ಇವರ ಬಗೆಗಿನ ಕಥೆಗಳನ್ನು ಹಿಗ್ಗಿಸಿವೆ; ಅಂಕಿಅಂಶ ಅವನ್ನೆಲ್ಲ ಹೊರಲಾರದು.

ಆಟ ಬಿಟ್ಟ ಮೇಲೆ ದೇಶೀಯ ಕ್ರಿಕೆಟ್‌ನಲ್ಲಿ ಅಂಪೈರ್ ಆಗಿ ಪ್ರಥಮ ದರ್ಜೆ ಪಂದ್ಯಗಳಲ್ಲಿ ನಿಂತರು.